ಹಳೆಯ ಕಾರು ಮತ್ತು ಹತ್ತನೇ ತರಗತಿಯ ವಿಜ್ಞಾನ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ಸಮಿತಿಯವರು ಅಂದುಕೊಂಡಿದ್ದರು. ನಾನು ಮಾತಾಡಲಿರುವುದು ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒಂದೂವರೆ ವರ್ಷ ಬಿಚ್ಚಿ ಹರಡಿಕೊಂಡು ಬಿದ್ದಿದ್ದ ಆ ಕೆಂಪು ಕಾರಿನ ಬಗ್ಗೆ. ಅದನ್ನು ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ಡೇರಿಗೆ ಹಾಲು ಹಾಕಿ ಬರುವಾಗ ನಿಂತು, "ಏನೋ ಮಾರಾಯ, ಬೆಂಗಳೂರಲ್ಲಿ ಕೆಲಸ ಹೋಯ್ತಾ? ಗ್ಯಾರೇಜ್ ಇಟ್ಟಿದ್ದೀಯಲ್ಲ!" ಎಂದು ಕೇಳಿದವರೂ ಇಲ್ಲಿದ್ದೀರಿ. ಅವತ್ತು ನಕ್ಕು ಸುಮ್ಮನಾಗಿದ್ದೆ. ಇವತ್ತು ಉತ್ತರ ಕೊಡುತ್ತೇನೆ.

ಮೊದಲು ಕಾರಿನ ಪರಿಚಯ. ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ, ಪ್ರತ್ಯೇಕ ಡಿಕ್ಕಿ ಚಾಚಿಕೊಂಡಿರದ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಮನೆಮಂದಿ ಓಡಾಡುವ ಅಂಥ ಸಣ್ಣ ಕಾರಿಗೆ ಜೋರಾದ ಎಂಜಿನ್ ಕೂರಿಸಿದರೆ ಅದು ಹಾಟ್ ಹ್ಯಾಚ್. 1976ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1588 ಸಿಸಿಯ, 110 ಅಶ್ವಶಕ್ತಿಯ ಗಾಲ್ಫ್ ಜಿಟಿಐ ಕಾರನ್ನು ಮಾರುಕಟ್ಟೆಗೆ ತಂದಿತು. 5,000 ಕಾರು ಮಾಡಿದರೆ ಸಾಕು ಎಂದು ಹೊರಟವರು, ಆ ಮೊದಲ ತಲೆಮಾರಿನಲ್ಲೇ 4.5 ಲಕ್ಷಕ್ಕೂ ಹೆಚ್ಚು ಕಾರು ಮಾಡಬೇಕಾಯಿತು. ನಮ್ಮ ದೇಶದಲ್ಲಿ ಸಣ್ಣ ಕಾರು ಎಂದರೆ ಮೊದಲ ಪ್ರಶ್ನೆ "ಎಷ್ಟು ಕೊಡುತ್ತೆ?" ಅಂಥಲ್ಲಿ 2001ರಲ್ಲಿ ಫಿಯಾಟ್ ಕಂಪನಿ ಪಾಲಿಯೊ ಎಂಬ ಕಾರು ತಂದಿತು. ಅದರ 1.6 ಜಿಟಿಎಕ್ಸ್ ಮಾದರಿಯಲ್ಲಿ 1596 ಸಿಸಿಯ, ನಾಲ್ಕು ಸಿಲಿಂಡರಿನ, 16 ವಾಲ್ವಿನ, ಸುಮಾರು 100 ಅಶ್ವಶಕ್ತಿಯ ಎಂಜಿನ್ ಇತ್ತು. ನಮಗೆಲ್ಲ ಗೊತ್ತಿದ್ದ ಮಾರುತಿ 800 ಕಾರಿನದು 796 ಸಿಸಿ, 37 ಅಶ್ವಶಕ್ತಿ. ವ್ಯತ್ಯಾಸ ನೀವೇ ಲೆಕ್ಕ ಹಾಕಿ. ಪೆಟ್ರೋಲ್ ಧಾರಾಳವಾಗಿ ಕುಡಿಯುತ್ತಿದ್ದ ಈ ಕಾರನ್ನು ಕೊಂಡವರು ಕಡಿಮೆ, ಕೊಂಡವರಲ್ಲಿ ಮರೆತವರು ಇನ್ನೂ ಕಡಿಮೆ. ಇವತ್ತು ಭಾರತದಲ್ಲಿ ಫಿಯಾಟ್ ಹೆಸರಿನ ಹೊಸ ಕಾರೇ ಮಾರಾಟಕ್ಕಿಲ್ಲ.

ನನಗೆ ಸಿಕ್ಕಿದ್ದು 2002ರಲ್ಲಿ ನೋಂದಣಿಯಾದ ಜಿಟಿಎಕ್ಸ್. 2021ರ ಜನವರಿಯಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಾ ಊರಲ್ಲಿದ್ದಾಗ, 90 ಸಾವಿರಕ್ಕೆ ಕೊಂಡೆ. ಖಾಸಗಿ ಕಾರಿನ ಆರ್‌ಸಿಯನ್ನು 15 ವರ್ಷಕ್ಕೆ, ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಕಾರು ತಪಾಸಣೆಯಲ್ಲಿ ಪಾಸಾಗಬೇಕು. ನನ್ನ ಕಾರಿನ ಗಡುವು 2022ರ ಜೂನ್. ಕೈಯಲ್ಲಿದ್ದದ್ದು ಸುಮಾರು 17 ತಿಂಗಳು. ಅಷ್ಟರಲ್ಲಿ ಸರಿಹೋಗದಿದ್ದರೆ ಅದು ಗುಜರಿಗೆ ಹೋಗಬೇಕಿತ್ತು.

ಸರಿ ಮಾಡುವುದು ಎಂದರೆ ಏನು? ಇಲ್ಲಿ ಎರಡು ದಾರಿ ಇವೆ. ಹೊಳೆಯುವ ಬಣ್ಣ, ಅಗಲದ ಟೈರು, ಗುಡುಗುವ ಸೈಲೆನ್ಸರ್ ಹಾಕಿ ಹೊಸದರಂತೆ ಮಾಡುವುದು ಒಂದು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ, ಅಂದರೆ ಮೂಲಸ್ಥಿತಿಗೆ ತರುವುದು ಇನ್ನೊಂದು. ನಾನು ಹಿಡಿದದ್ದು ಎರಡನೆಯದು. ಅದರಲ್ಲಿ ನಮ್ಮ ಇಷ್ಟಕ್ಕೆ ಜಾಗ ಕಡಿಮೆ. ಮಾಡಿದವನು ಇದನ್ನು ಹೀಗೇಕೆ ಮಾಡಿದ ಎಂದು ಪ್ರತಿ ಬೋಲ್ಟಿನಲ್ಲೂ ಕೇಳಿಕೊಳ್ಳಬೇಕು.

ಒಂದು ಉದಾಹರಣೆ. ಹಿಂದಿನ ಮಾಲೀಕರೊಬ್ಬರು ಕಾರು ತಗ್ಗಾಗಿ ಕಾಣಲಿ ಎಂದು ಸ್ಪ್ರಿಂಗುಗಳನ್ನು ಕತ್ತರಿಸಿದ್ದರು. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಎಂಟು ಸುತ್ತಿನದನ್ನು ಆರಕ್ಕೆ ಇಳಿಸಿದರೆ ಗಡಸುತನ ಮೂರನೇ ಒಂದು ಭಾಗ ಹೆಚ್ಚುತ್ತದೆ. ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಲೆಕ್ಕಕ್ಕೇ ಮಾಡಿದ್ದು. ಹೀಗಾಗಿ ನಮ್ಮ ಘಟ್ಟದ ತಿರುವಿನಲ್ಲಿ ಚಕ್ರ ರಸ್ತೆಯನ್ನು ಹಿಡಿಯುವ ಬದಲು ನೆಗೆಯುತ್ತಿತ್ತು. ನೋಡಲು ಚಂದ, ಪ್ರಾಣಕ್ಕೆ ಕಷ್ಟ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ನಾಲ್ಕು ಶನಿವಾರ ಹುಡುಕಿ ಅದೇ ಮಾದರಿಯ ಕತ್ತರಿಸದ ಸ್ಪ್ರಿಂಗುಗಳನ್ನು ತಂದೆ.

ಬಿಚ್ಚುವ ಮೊದಲು ನಾನು ಮಾಡಿದ ಕೆಲಸ ಫೋಟೊ ತೆಗೆಯುವುದು. ಪ್ರತಿ ವಯರು, ಪ್ರತಿ ಕ್ಲಿಪ್ಪು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂಬುದಕ್ಕೆ ಸುಮಾರು 1,400 ಫೋಟೊ. ಬೋಲ್ಟುಗಳಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ನಂಬರು, ನಂಬರಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಅಡಿಕೆ ಒಣಗಿಸುವ ತಟ್ಟಿಗಳೇ ನನ್ನ ಶೆಲ್ಫು. ಸಾಫ್ಟ್‌ವೇರ್‌ನಲ್ಲೂ ನಮ್ಮ ಕ್ರಮ ಇದೇ. ಬದಲಿಸುವ ಮುನ್ನ ಮೊದಲಿನ ರೂಪ ಉಳಿಸಿಡು, ಒಂದು ಸಲಕ್ಕೆ ಒಂದನ್ನೇ ಬದಲಿಸು, ಪರೀಕ್ಷಿಸು. ಬ್ಯಾಟರಿ, ವಯರು, ಸೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸಿ ಗಾಡಿ ಸ್ಟಾರ್ಟ್ ಆಯಿತು ಎಂದುಕೊಳ್ಳಿ. ರೋಗ ಯಾವುದರಲ್ಲಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಮುಂದಿನ ಸಾಲಿನ ಮಕ್ಕಳಿಗೆ. ತುಕ್ಕಿನ ಪಾಠ ನಿಮಗೆ ಆಗಿದೆ ಅಲ್ಲವೇ? ಮೂರು ಪ್ರನಾಳ. ಒಂದರಲ್ಲಿ ಒಣಗಾಳಿ, ಒಂದರಲ್ಲಿ ಕುದಿಸಿ ಮೇಲೆ ಎಣ್ಣೆ ಹಾಕಿದ ನೀರು, ಒಂದರಲ್ಲಿ ಸಾದಾ ನೀರು. ಮೊಳೆ ತುಕ್ಕು ಹಿಡಿಯುವುದು ಮೂರನೆಯದರಲ್ಲಿ ಮಾತ್ರ, ಯಾಕೆಂದರೆ ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ನಮ್ಮ ಮಲೆನಾಡು ಆ ಮೂರನೇ ಪ್ರನಾಳ. ಕಾರಿನ ಕೆಳಗಿನ ಅಂಚು, ಸ್ಟೆಪ್ನಿ ಇಡುವ ಗುಂಡಿ, ಕಾಲಡಿಯ ತಗಡು, ಎಲ್ಲೆಲ್ಲಿ ನೀರು ನಿಲ್ಲುತ್ತದೋ ಅಲ್ಲೆಲ್ಲ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಬಣ್ಣ ಗುಳ್ಳೆಯಂತೆ ಉಬ್ಬುತ್ತದೆ. ಮೇಲೊಂದು ಸಣ್ಣ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಕೊಳೆತಿರುತ್ತದೆ.

ಸಣ್ಣಪುಟ್ಟ ಬಿಡಿಭಾಗಗಳ ತುಕ್ಕನ್ನು ವಿದ್ಯುದ್ವಿಭಜನೆಯಿಂದ ತೆಗೆದೆ. ಪ್ಲಾಸ್ಟಿಕ್ ಬಕೆಟ್, ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗ ಋಣಧ್ರುವಕ್ಕೆ, ಬೇಡದ ಕಬ್ಬಿಣದ ತುಂಡು ಧನಧ್ರುವಕ್ಕೆ. ಧನಧ್ರುವಕ್ಕೆ ಸ್ಟೀಲ್ ಪಾತ್ರೆಯ ತುಂಡು ಹಾಕಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೈಡ್ರೋಜನ್ ಹೊರಡುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು, ಹತ್ತಿರ ಬೀಡಿ ಸೇದುವವರು ಇರಬಾರದು. ಬ್ರೇಕು, ಸಸ್ಪೆನ್ಷನ್ನಿನ ಬೋಲ್ಟುಗಳನ್ನು ಈ ಬಕೆಟ್ಟಿಗೆ ಹಾಕಲೂಬಾರದು. ಹೈಡ್ರೋಜನ್ ಸೇರಿದರೆ ಗಟ್ಟಿ ಉಕ್ಕು ಪೆಡಸಾಗುತ್ತದೆ. ಅವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದಾಗಿಯೇ ತಂದೆ.

ಇನ್ನೊಂದು ಪಾಠ, ಓಮನ ನಿಯಮ. ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟರ್ ನರಳುತ್ತಿತ್ತು. ಮಲ್ಟಿಮೀಟರಿನಿಂದ ಎಂಜಿನ್‌ನ ಅರ್ಥ್ ವಯರಿನ ರೋಧ ಅಳೆದರೆ ಸೊನ್ನೆ. ವಯರು ಚೆನ್ನಾಗಿದೆ ಎಂದೇ ತೋರುತ್ತದೆ. ಆದರೆ ಕೀ ತಿರುಗಿಸಿದಾಗ ಅದೇ ವಯರಿನ ಎರಡು ತುದಿಯ ನಡುವೆ 0.9 ವೋಲ್ಟ್. ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತಿದ್ದರೆ ರೋಧ 0.9 ಭಾಗಿಸು 150, ಅಂದರೆ 0.006 ಓಮ್. ಮಾಮೂಲಿ ಮೀಟರಿಗೆ ಅದು ಕಾಣುವುದಿಲ್ಲ. ಆದರೂ 135 ವ್ಯಾಟ್ ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತಿತ್ತು. ತುದಿಯ ತುಕ್ಕು ಉಜ್ಜಿ ಬಿಗಿ ಮಾಡಿದೆ. ಎಂಜಿನ್ ಮೊದಲ ತಿರುವಿಗೇ ಎದ್ದಿತು. ನಾನು ಹತ್ತನೆಯಲ್ಲಿ ಅಂಕಕ್ಕಾಗಿ ಬರೆದ ಸೂತ್ರ, ಬಿಇ ಮುಗಿಸಿ ಎಷ್ಟೋ ವರ್ಷದ ಮೇಲೆ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಬಂತು.

ಇಷ್ಟೆಲ್ಲ ನನಗೆ ಪುಸ್ತಕದಿಂದ ಆಯಿತು. ಕಾರಿನ ಅಡಿಯ ತಗಡು ಕೊಳೆತದ್ದು ಮಾತ್ರ ಪುಸ್ತಕದಿಂದ ಆಗಲಿಲ್ಲ. ಆ ಕಡೆಯ ಅಂಚು ಬರೀ ತಗಡಲ್ಲ, ಅಪಘಾತವಾದರೆ ಒಳಗಿರುವವರನ್ನು ಉಳಿಸುವ ಎಲುಬು. ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ತಪಾಸಣೆಯವರ ಕಣ್ಣು ತಪ್ಪಿಸಬಹುದು, ಎದುರಿಗೆ ಬರುವ ಲಾರಿಯನ್ನು ತಪ್ಪಿಸಲಾಗುವುದಿಲ್ಲ. ಆಗ ನಾನು ಕರೆದದ್ದು ಇದೇ ಶಾಲೆಯ, ನನ್ನದೇ ತರಗತಿಯ ಗೆಳೆಯನನ್ನು. ಹತ್ತನೆಯಲ್ಲಿ ವಿಜ್ಞಾನದಲ್ಲಿ ಫೇಲಾಗಿ, ಎರಡನೇ ಸಲ ಪಾಸು ಮಾಡಿ, ಐಟಿಐನಲ್ಲಿ ವೆಲ್ಡಿಂಗ್ ಕಲಿತು, ಈಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಕೆಲಸ ಮಾಡುತ್ತಾನೆ. ಹೆಸರು ಹೇಳಬೇಡ ಎಂದಿದ್ದಾನೆ, ಹೇಳುವುದಿಲ್ಲ.

ಅವನು ಬಂದವನೇ ಮೊದಲು ಒಂದು ಸಣ್ಣ ಸುತ್ತಿಗೆಯಿಂದ ತಗಡನ್ನು ಉದ್ದಕ್ಕೂ ತಟ್ಟಿದ. "ಕೇಳು, ಟಣ್ ಅಂದರೆ ಜೀವ ಇದೆ, ಡಬ್ ಅಂದರೆ ಹೋಗಿದೆ" ಎಂದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಬ್ಯಾಟರಿ, ಕಂಪ್ಯೂಟರ್ ಪೆಟ್ಟಿಗೆ, ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಡಿಸಿದ. ಕಾರು ಜ್ಯಾಕಿನ ಮೇಲಿದ್ದರೆ ಅಡಿಗೆ ಹೋಗಲೇ ಒಪ್ಪಲಿಲ್ಲ. "ಜ್ಯಾಕು ಎತ್ತೋದಕ್ಕೆ, ನಿಲ್ಲಿಸೋದಕ್ಕಲ್ಲ" ಎಂದು ನಾಲ್ಕು ಸ್ಟ್ಯಾಂಡ್ ಕೊಡಿಸಿದ. ಹೊಸ ತಗಡನ್ನು ಕೂರಿಸುವಾಗ ಒಂದೇ ಗೆರೆಯಾಗಿ ವೆಲ್ಡ್ ಮಾಡಲಿಲ್ಲ. ಈ ತುದಿಯಲ್ಲಿ ಒಂದು ಚುಕ್ಕೆ, ಆ ತುದಿಯಲ್ಲಿ ಒಂದು ಚುಕ್ಕೆ, ಆಮೇಲೆ ನಡುವೆ. ನಡುನಡುವೆ ಆರಲು ಬಿಡುತ್ತಿದ್ದ. ಯಾಕೆಂದು ಕೇಳಿದೆ. "ಒಂದೇ ಕಡೆ ಕಾಯಿಸಿದರೆ ತಗಡು ಹಿಗ್ಗಿ ಸೊಟ್ಟಗಾಗುತ್ತೆ, ತಣಿದಾಗ ಎಳೆಯುತ್ತೆ" ಎಂದ.

ಉಷ್ಣದಿಂದ ಲೋಹಗಳ ವ್ಯಾಕೋಚನ. ಅದೇ ಪಾಠ. ನಾನು ಅದರಲ್ಲಿ ಪೂರ್ತಿ ಅಂಕ ತೆಗೆದಿದ್ದೆ, ನನಗೆ ವೆಲ್ಡಿಂಗ್ ಬರುವುದಿಲ್ಲ. ಅವನು ಅದರಲ್ಲೇ ಫೇಲಾಗಿದ್ದ, ಅವನ ಕೈಗೆ ಅದು ಗೊತ್ತು. ಇದನ್ನು ಅವನಿಗೆ ಹೇಳಿದೆ. ಅವನು ಕನ್ನಡಕ ಮೇಲೆತ್ತಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆ ಪಾಠ ಇದೇ ಅಂತ ಆಗ ಗೊತ್ತಾಗಿದ್ದಿದ್ರೆ ಪಾಸಾಗ್ತಿದ್ದೆ ಕಣೋ" ಎಂದ. ಆಮೇಲೆ ಕೆಲಸ ಮುಂದುವರಿಸಿದ. ಈ ಕಾರಿನಿಂದ ನಾನು ಪಡೆದದ್ದರಲ್ಲಿ ಆ ಮಾತೇ ದೊಡ್ಡದು. ಅದನ್ನು ನಿಮಗೆ ತಲುಪಿಸಲೆಂದೇ ಇವತ್ತು ಇಲ್ಲಿ ನಿಂತಿದ್ದೇನೆ.

ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಬಿಸಿಲಿಗೆ ಹೊರಗಿನ ಕೆಂಪು ಮಾಸಿ ಕೇಸರಿಯ ಕಡೆ ತಿರುಗಿತ್ತು. ನಿಜವಾದ ಬಣ್ಣ ಸಿಕ್ಕಿದ್ದು ಬಿಸಿಲೇ ಕಾಣದ ಬಾಗಿಲಿನ ಒಳಹಾಸಿನ ಹಿಂದೆ. ಅದನ್ನು ತೋರಿಸಿ ಬಣ್ಣ ಕಲಸಿಸಿದೆವು. ಹಾಗಂತ ಎಲ್ಲವನ್ನೂ ಹಳೆಯದೇ ಇಟ್ಟುಕೊಳ್ಳಲಿಲ್ಲ. ಟೈರು, ಬ್ರೇಕಿನ ರಬ್ಬರ್ ಪೈಪು, ಟೈಮಿಂಗ್ ಬೆಲ್ಟು ಹೊಸವು. ರಬ್ಬರಿಗೆ ಓಡದಿದ್ದರೂ ವಯಸ್ಸಾಗುತ್ತದೆ. ನಿಮ್ಮ ಗಾಡಿಯ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಇವತ್ತು ಮನೆಗೆ ಹೋಗಿ ನೋಡಿಕೊಳ್ಳಿ. ಪ್ರಾಣ ನಿಂತಿರುವಲ್ಲಿ ಹೊಸದು, ಉಳಿದ ಕಡೆ ಮೂಲದ್ದು. ನನ್ನ ಲೆಕ್ಕ ಇಷ್ಟೇ.

2022ರ ಜೂನ್‌ನಲ್ಲಿ ಕಾರು ತಪಾಸಣೆಯಲ್ಲಿ ಪಾಸಾಯಿತು. ಒಟ್ಟು ಖರ್ಚು, ಕೊಂಡ ಬೆಲೆ ಬಿಟ್ಟು, 2 ಲಕ್ಷ 60 ಸಾವಿರ. ಮಾರಿದರೆ ಅಷ್ಟು ಬರುವುದಿಲ್ಲ ಎಂದು ಅಪ್ಪ ಅವತ್ತೂ ಹೇಳಿದರು, ಇವತ್ತು ಬೆಳಿಗ್ಗೆಯೂ ಹೇಳಿದರು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ನನ್ನ ಕಾರಿಗೆ ಆ ಗೌರವ ಸಿಗಬೇಕಾದರೆ 2052ರವರೆಗೆ ಕಾಯಬೇಕು. ನಮ್ಮ ಶಾಲೆ ಮಾತ್ರ ಈ ವರ್ಷವೇ ಅರ್ಹತೆ ಪಡೆದಿದೆ!

ಈಗ ನನ್ನ ಕೋರಿಕೆ. ಸುವರ್ಣ ಮಹೋತ್ಸವದ ನಿಧಿಯಿಂದ ಕಂಪ್ಯೂಟರ್ ಕೊಠಡಿ ಆಗಲಿ ಎಂದು ಬಹಳ ಜನ ಹೇಳಿದ್ದೀರಿ. ಆಗಲಿ, ಅದರಿಂದಲೇ ಅನ್ನ ತಿನ್ನುವವನು ನಾನು, ಬೇಡ ಎನ್ನಲಾರೆ. ಅದರ ಪಕ್ಕದಲ್ಲಿ ಒಂದು ಕೆಲಸದ ಕೋಣೆಯೂ ಇರಲಿ. ಒಂದು ಗಟ್ಟಿ ಮೇಜು, ಒಂದು ವೈಸ್, ಪಾನಾಗಳು, ನಾಲ್ಕು ಮಲ್ಟಿಮೀಟರ್. ಮುಂದೆ ಕುಳಿತಿರುವ ಈ ಮಕ್ಕಳಲ್ಲಿ ಎಲ್ಲರೂ ಬಿಇ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಪುಸ್ತಕದ ಸಾಲು ತನ್ನ ಕೈಯ ಕೆಲಸವೇ ಎಂದು ಗೊತ್ತಾಗದೆ ಯಾವ ಮಗುವೂ ಫೇಲಾಗಬಾರದು. ಕೈ ಚೆನ್ನಾಗಿರುವ ಹುಡುಗನಿಗಾಗಲಿ ಹುಡುಗಿಗಾಗಲಿ ತಾನು ದಡ್ಡ ಎಂಬ ಭಾವನೆ ಬರಬಾರದು.

ಬರೀ ಮಾತಾಡಿ ಹೋಗುವುದಿಲ್ಲ. ಬಿಡಿಭಾಗಕ್ಕೆಂದು ನಾನು ಗುಜರಿಯಿಂದ ತಂದಿದ್ದ ಇನ್ನೊಂದು ಎಂಜಿನ್ ಕೊಟ್ಟಿಗೆಯಲ್ಲಿದೆ. ಅದನ್ನು ತೊಳೆದು, ಪಕ್ಕ ಕತ್ತರಿಸಿ, ಒಳಗೆ ಪಿಸ್ಟನ್ ಓಡಾಡುವುದು, ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುವುದು ಕಾಣುವಂತೆ ಮಾಡಿ ಶಾಲೆಗೆ ಕೊಡುತ್ತೇನೆ. ಮಕ್ಕಳೇ ಕೈಯಿಂದ ತಿರುಗಿಸಿ ನೋಡಬಹುದು. ಕತ್ತರಿಸಿ ಕೊಡಲು ನನ್ನ ಗೆಳೆಯ ಒಪ್ಪಿದ್ದಾನೆ. ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ. ಅವನೂ ಬರುತ್ತಾನೆ. ಬಂದಾಗ ಅವನನ್ನು ದಯವಿಟ್ಟು ಮೇಷ್ಟ್ರೇ ಎಂದು ಕರೆಯಿರಿ.