ಹಲ್ಲುಜ್ಜುವ ಪೇಸ್ಟೂ ಕೋಲಾರದ ನೀರೂ

ಬೆಳಗಾಗೆದ್ದು ನಾವು ಮೊದಲು ಕೈಯಿಡುವುದು ಬಚ್ಚಲಮನೆಯ ಗೂಡಿಗೆ. ಆ ಗೂಡಿನಲ್ಲಿ ಏನೇನಿದೆಯೆಂದು ಎಂದಾದರೂ ಎಣಿಸಿ ನೋಡಿದ್ದೀರಾ? ಹಲ್ಲಿಗೆ ಪೇಸ್ಟು, ಮೈಗೆ ಸೋಪು, ತಲೆಗೆ ಶಾಂಪೂ, ಮುಖಕ್ಕೆ ಕ್ರೀಮು, ನರೆತ ಕೂದಲಿಗೆ ಬಣ್ಣ. ನಮ್ಮ ಅಜ್ಜಿಯರ ಕಾಲದಲ್ಲಿ ಅದೇ ಗೂಡಿನಲ್ಲಿ ಇದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಒಂದು ಬಟ್ಟಲು ಹರಳೆಣ್ಣೆ, ಹಲ್ಲಿಗೆ ಒಂದಿಷ್ಟು ಇದ್ದಿಲಪುಡಿ, ಅಷ್ಟೆ. ಅವುಗಳ ಮೇಲೆ ಚೀಟಿಯಿರಲಿಲ್ಲ. ಈಗಿನ ಡಬ್ಬಿಗಳ ಮೇಲಾದರೋ ಇರುವೆಸಾಲಿನಂಥ ಅಕ್ಷರಗಳಲ್ಲಿ ನಾಲಗೆ ತಿರುಗದ ಹೆಸರುಗಳು ತುಂಬಿವೆ. ಓದಿದವರಿಗೆ ಭಯ, ಓದದವರಿಗೆ ನಿಶ್ಚಿಂತೆ. ಈ ಎರಡೂ ನಮಗೆ ಒಳ್ಳೆಯದಲ್ಲ.

‘ರಾಸಾಯನಿಕ’ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಚ್ಚಿಬೀಳಬೇಕಾದ ಕಾರಣವಿಲ್ಲ. ಉಪ್ಪೂ ರಾಸಾಯನಿಕವೇ, ಸುಣ್ಣವೂ ರಾಸಾಯನಿಕವೇ. ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು? ಯಾರಿಗೆ? ಇದೇ ವಸ್ತು ಬೇರೆ ಯಾವ ದಾರಿಯಿಂದ ಮೈಯೊಳಗೆ ಸೇರುತ್ತಿದೆ? ಮೊದಲಿನೆರಡು ಪ್ರಶ್ನೆಗಳು ಎಲ್ಲ ಊರಿನವರಿಗೂ ಸೇರಿದವು. ಮೂರನೆಯದು ವಿಶೇಷವಾಗಿ ಕೋಲಾರ ಸೀಮೆಯವರು ಕೇಳಬೇಕಾದದ್ದು. ಗೂಡಿನ ಎಲ್ಲ ಸಾಮಾನನ್ನೂ ಕೆಳಗಿಳಿಸುವಷ್ಟು ಹೊತ್ತು ಈಗ ನಮಗಿಲ್ಲ. ಒಂದನ್ನು, ಹಲ್ಲುಜ್ಜುವ ಪೇಸ್ಟನ್ನು ಮಾತ್ರ, ಕೈಗೆ ತೆಗೆದುಕೊಳ್ಳೋಣ.

ಕೋಲಾರಮ್ಮನ ಕೋಲಾರ, ಮಾಸ್ತಿಯವರನ್ನು ಕೊಟ್ಟ ಮಾಲೂರು ತಾಲ್ಲೂಕು, ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲು, ಮಾವಿನ ತೋಪುಗಳ ಶ್ರೀನಿವಾಸಪುರ: ಈ ನಾಲ್ಕೂ ಕಡೆಗಳಲ್ಲಿ ಶಾಲೆಯ ಮಕ್ಕಳು ನಗುವಾಗ ಗಮನವಿಟ್ಟು ನೋಡಿ. ಕೆಲವರ ಮುಂದಿನ ಹಲ್ಲುಗಳಲ್ಲಿ ಸುಣ್ಣ ಬಳಿದಂಥ ಮಚ್ಚೆ. ಕೆಲವರಲ್ಲಿ ಅಡ್ಡಡ್ಡಲಾಗಿ ಹಳದಿ ಗೀರು. ಇನ್ನು ಕೆಲವರಲ್ಲಿ ಕಂದುಬಣ್ಣದ ಕರೆ. ಮನೆಯವರು ಇದನ್ನು ಕೊಳೆ ಎಂದು ತಿಳಿಯುತ್ತಾರೆ. “ಸರಿಯಾಗಿ ಉಜ್ಜೋ ಕಂದಾ, ಇನ್ನೊಂದಿಷ್ಟು ಪೇಸ್ಟು ಹಾಕ್ಕೋ” ಎಂದು ತಾಯಿ ಬ್ರಷ್ಷಿನ ಉದ್ದಕ್ಕೂ ಧಾರಾಳವಾಗಿ ಪೇಸ್ಟು ಒತ್ತುತ್ತಾಳೆ. ಪೇಸ್ಟು ಸಿಹಿಯಾಗಿರುತ್ತದೆ, ಮೂರು ವರ್ಷದ ತಮ್ಮನೋ ತಂಗಿಯೋ ಪಕ್ಕದಲ್ಲಿ ನಿಂತು ಅದೇ ಅಳತೆಯಲ್ಲಿ ಹಾಕಿಸಿಕೊಂಡು, ಅರ್ಧ ಉಗುಳಿ ಅರ್ಧ ನುಂಗುತ್ತದೆ. ತಾಯಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಕರೆ ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಅಷ್ಟೇ ಅಲ್ಲ, ಅದನ್ನು ಹೋಗಲಾಡಿಸಲೆಂದು ಹೆಚ್ಚಾಗಿ ಹಾಕಿದ ಪೇಸ್ಟಿನಲ್ಲಿಯೇ ಆ ಕರೆಗೆ ಕಾರಣವಾದ ವಸ್ತು ಇರುವುದುಂಟು. ದೊಡ್ಡ ಮಗುವಿನ ಕರೆ ಹೋಗುವುದಿಲ್ಲ. ಚಿಕ್ಕ ಮಗುವಿನ ಹಲ್ಲಿಗೆ ಹೊಸ ಕರೆ ಸಿದ್ಧವಾಗುತ್ತದೆ. ಆ ವಸ್ತುವಿನ ಹೆಸರು ಫ್ಲೋರೈಡ್.

ಫ್ಲೋರೈಡಿನ ಕಥೆ ಸ್ವಾರಸ್ಯವಾದದ್ದು. ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದ ಬಹುಮಂದಿಯ ಹಲ್ಲುಗಳು ಕಂದು ಕರೆ ಹಿಡಿದಿದ್ದವು. ಆಶ್ಚರ್ಯವೆಂದರೆ, ಆ ಕರೆಹಲ್ಲುಗಳಿಗೆ ಹುಳುಕು ಹತ್ತುವುದು ಮಾತ್ರ ಕಡಿಮೆ. ನೀರಿನಲ್ಲಿ ಏನೋ ಇದೆಯೆಂದು ಮೆಕೇ ಊಹಿಸಿದ. ಅದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿಯುವ ವೇಳೆಗೆ ೧೯೩೧ನೆಯ ಇಸವಿ ಬಂದಿತ್ತು. ಲೀಟರಿಗೆ ಸುಮಾರು ಒಂದು ಮಿಲಿಗ್ರಾಮಿನಷ್ಟಿದ್ದರೆ ಹುಳುಕು ತಡೆಯುತ್ತದೆ, ಕರೆಯೂ ಅಷ್ಟಾಗಿ ಕಟ್ಟದು ಎಂದು ಮುಂದೆ ತಿಳಿದುಬಂತು. ೧೯೪೫ರಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದವರು ತಮ್ಮ ನೀರಿಗೆ ತಾವಾಗಿಯೇ ಫ್ಲೋರೈಡ್ ಬೆರೆಸಿದರು. ಮುಂದಿನ ದಶಕದಲ್ಲಿ ಅದು ಪೇಸ್ಟಿಗೂ ಸೇರಿತು.

ಇದು ಅವರ ಕಥೆ. ಅವರ ನೀರಿನಲ್ಲಿ ಫ್ಲೋರೈಡ್ ಸಾಲದಾಗಿತ್ತು, ಸೇರಿಸಿಕೊಂಡರು. ನಮ್ಮ ಕಡೆಯ ಕಥೆ ಬೇರೆ. ೧೯೩೭ರಲ್ಲಿ, ಕೋಲಾರಕ್ಕೆ ಈಶಾನ್ಯದಲ್ಲಿರುವ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಬಗ್ಗದ, ಕತ್ತು ತಿರುಗದ, ಕೀಲು ಸೆಟೆದ ಜನರನ್ನು ವೈದ್ಯರು ಕಂಡರು. ಕಾರಣ ಬಾವಿಯ ನೀರಿನಲ್ಲಿದ್ದ ಹೆಚ್ಚಿನ ಫ್ಲೋರೈಡ್. ಒಂದೇ ವಸ್ತು ಒಂದು ಕಡೆ ಔಷಧ, ಇನ್ನೊಂದು ಕಡೆ ರೋಗ. ‘ಅತಿಯಾದರೆ ಅಮೃತವೂ ವಿಷ’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ.

ಕೋಲಾರದ ನೀರಿಗೆ ಇದು ಹೇಗೆ ಬಂತು? ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿಂದಿನವರು ಕೆರೆ ಕಟ್ಟಿ, ಸೇದುವ ಬಾವಿ ತೋಡಿ ಬದುಕಿದರು. ಆ ನೀರು ಮೇಲಿನ ಮಣ್ಣಿನದು, ಪ್ರತಿವರ್ಷದ ಮಳೆಯಿಂದ ಹೊಸದಾಗುತ್ತಿದ್ದದ್ದು. ಕೆರೆಗಳು ಹೂಳು ತುಂಬಿ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ನೂರು ಅಡಿ ಹೋಗಿ ಐನೂರಾಯಿತು, ಐನೂರು ಹೋಗಿ ಸಾವಿರವನ್ನೂ ದಾಟಿತು. ಅಷ್ಟು ಆಳದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ನಿಂತದ್ದು. ನಮ್ಮ ಕಡೆಯ ಕಗ್ಗಲ್ಲಿನಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ; ನೀರು ನಿಂತಷ್ಟೂ ಅವು ಸ್ವಲ್ಪಸ್ವಲ್ಪವಾಗಿ ಕರಗುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿಯೂ ಅದು ಇರಬಹುದು. ಭಾರತೀಯ ಮಾನಕ ಬ್ಯೂರೊ ಹೇಳುವ ಮಿತಿ ಲೀಟರಿಗೆ ೧ ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಲ್ಲಿ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಈ ಮಿತಿಯನ್ನು ಮೀರಿದ ಕೊಳವೆಬಾವಿಗಳು ನಾಲ್ಕು ತಾಲ್ಲೂಕುಗಳಲ್ಲಿಯೂ ಇವೆ. ಎಲ್ಲ ಬಾವಿಗಳೂ ಹಾಗಲ್ಲ. ಒಂದೇ ಊರಿನ ಎರಡು ಬಾವಿಗಳಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇರುವುದುಂಟು. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಈಗ ಪೇಸ್ಟಿನ ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಕಾನೂನಿನಂತೆ ಪೇಸ್ಟಿನಲ್ಲಿ ಫ್ಲೋರೈಡ್ ಹತ್ತು ಲಕ್ಷ ಭಾಗಕ್ಕೆ ೧೦೦೦ ಭಾಗಕ್ಕಿಂತ ಹೆಚ್ಚಿರಕೂಡದು. ಎಷ್ಟಿದೆಯೆಂಬುದನ್ನು ಟ್ಯೂಬಿನ ಮೇಲೂ ಅದರ ಪೆಟ್ಟಿಗೆಯ ಮೇಲೂ ಅಚ್ಚು ಹಾಕಿರಬೇಕು. ಅಲ್ಲಿ ‘ಪಿಪಿಎಂ’ ಎಂಬ ಮೂರಕ್ಷರದ ಪಕ್ಕದಲ್ಲಿರುವ ಅಂಕಿಯೇ ಅದು. ೧೦೦೦ ಇದ್ದರೆ, ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಎಂದರ್ಥ. ಬ್ರಷ್ಷಿನ ತುಂಬ ಹಾಕಿದರೆ ಹೆಚ್ಚುಕಡಿಮೆ ಒಂದು ಗ್ರಾಂ ಆಗುತ್ತದೆ. ಬಟಾಣಿ ಕಾಳಿನಷ್ಟು ಹಾಕಿದರೆ ಕಾಲು ಗ್ರಾಂ.

ಮೂರು ವರ್ಷದ ಮಗುವೊಂದು ದಿನಕ್ಕೆ ಒಂದು ಲೀಟರು ನೀರು ಕುಡಿಯುತ್ತದೆಂದೂ ಆ ನೀರಿನಲ್ಲಿ ೨ ಮಿಲಿಗ್ರಾಂ ಫ್ಲೋರೈಡ್ ಇದೆಯೆಂದೂ ಇಟ್ಟುಕೊಳ್ಳಿ. ನೀರಿನಿಂದಲೇ ೨ ಮಿಲಿಗ್ರಾಂ ಆಯಿತು. ಎರಡು ಹೊತ್ತು ಬ್ರಷ್ಷಿನ ತುಂಬ ಪೇಸ್ಟು ಹಾಕಿ ಮಗು ಅರ್ಧ ನುಂಗಿದರೆ ಮತ್ತೊಂದು ಮಿಲಿಗ್ರಾಂ. ಒಟ್ಟು ೩. ಒಂದರಿಂದ ಮೂರು ವರ್ಷದ ಮಕ್ಕಳಿಗೆ ದಿನಕ್ಕೆ ೧.೩ ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ ೧೯೯೭ರಲ್ಲಿ ಹೇಳಿತು. ನೀರೊಂದೇ ಆ ಗೆರೆಯನ್ನು ದಾಟಿಸಿತ್ತು. ಪೇಸ್ಟು ಇನ್ನಷ್ಟು ಮುಂದಕ್ಕೆ ತಳ್ಳಿತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಳ್ಳೆಯ ನೀರು ಕುಡಿಯುವ ಮಗುವಿಗೆ ಅಷ್ಟಾಗಿ ಹಾನಿ ಮಾಡದ ಪೇಸ್ಟು ನಮ್ಮ ಮಗುವಿಗೆ ಮಾಡಬಹುದು ಎಂಬುದು ಹೀಗೆ. ಮೂರನೆಯ ಪ್ರಶ್ನೆ ಎಂದೆನಲ್ಲ, ಅದರ ಉತ್ತರ ಇಲ್ಲಿದೆ.

ಈ ಹಾನಿ ಆಗುವುದು ಹಲ್ಲು ಹುಟ್ಟಿದ ಮೇಲಲ್ಲ, ಹುಟ್ಟುವುದಕ್ಕೆ ಮುಂಚೆ. ಎರಡನೆಯ ಸಲ ಬರುವ ಶಾಶ್ವತ ಹಲ್ಲುಗಳು ದವಡೆಯೊಳಗೆ ಎಂಟನೆಯ ವಯಸ್ಸಿನವರೆಗೂ ರೂಪುಗೊಳ್ಳುತ್ತಿರುತ್ತವೆ. ಮುಂದಿನ ಹಲ್ಲುಗಳಿಗಂತೂ ಮೊದಲಿನ ಮೂರು ವರ್ಷಗಳೇ ನಿರ್ಣಾಯಕ. ಆಗ ನುಂಗಿದ್ದು ಏಳನೆಯ ವಯಸ್ಸಿನಲ್ಲಿ ಕರೆಯಾಗಿ ಕಾಣಿಸಿಕೊಳ್ಳುತ್ತದೆ. ಬಳಿಕ ಮಾಡಬಹುದಾದದ್ದು ದಂತವೈದ್ಯರಿಂದ ಮೇಲೆ ಮುಚ್ಚಿಗೆ ಹಾಕಿಸುವುದು ಇತ್ಯಾದಿ, ಅಷ್ಟೆ. ಬಾಯಿಗೆ ಕೈಯಡ್ಡ ಹಿಡಿದು ನಗುವ ಹುಡುಗಿಯನ್ನು ನೀವು ನೋಡಿಲ್ಲವೆ? ಕೆಲಸದ ಸಂದರ್ಶನಕ್ಕೆ ಹೋಗಿ ತುಟಿ ಬಿಚ್ಚಲು ಅಂಜುವ ಹುಡುಗನನ್ನು? ಅವರ ಅಂಜಿಕೆಗೆ ಬೀಜ ಬಿದ್ದದ್ದು ಅವರಿಗೆ ನೆನಪೂ ಇಲ್ಲದ ವಯಸ್ಸಿನಲ್ಲಿ.

ಹಾಗಾದರೆ ಪೇಸ್ಟನ್ನು ಹೊರಗೆಸೆಯಬೇಕೆ? ಬೇಡ. ಹುಳುಕುಹಲ್ಲಿನ ಕಾಟವೂ ನಮ್ಮಲ್ಲಿ ಉಂಟು. ಇದ್ದಿಲು, ಇಟ್ಟಿಗೆಪುಡಿ, ಉಪ್ಪು ಹಾಕಿ ತಿಕ್ಕಿದರೆ ಹಲ್ಲಿನ ಮೇಲಿನ ಹೊಳಪು ಸವೆದುಹೋಗುತ್ತದೆ. ಹಳೆಯದೆಲ್ಲ ಒಳ್ಳೆಯದೆಂಬುದೂ ಸರಿಯಲ್ಲ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳನ್ನು ಸರಕಾರವು ೧೯೯೨ರಲ್ಲಿ ನಿಷೇಧಿಸಬೇಕಾಯಿತು. ಮಾಡಬೇಕಾದದ್ದು ಇಷ್ಟು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅದನ್ನು ದೊಡ್ಡವರೇ ಹಾಕಿಕೊಡಬೇಕು, ಉಗುಳುವವರೆಗೆ ಪಕ್ಕದಲ್ಲಿ ನಿಲ್ಲಬೇಕು. ನಿಮ್ಮ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ತಿಳಿದಿದ್ದರೆ, ಉಗುಳಲು ಬಾರದ ಮಗುವಿಗೆ ಫ್ಲೋರೈಡ್ ಇಲ್ಲದ ಪೇಸ್ಟು ಕೊಡಬಹುದೇ ಎಂದು ದಂತವೈದ್ಯರನ್ನು ಕೇಳಿ. ಅಂಥ ಪೇಸ್ಟೂ ಅಂಗಡಿಯಲ್ಲಿ ದೊರೆಯುತ್ತದೆ. ಟ್ಯೂಬನ್ನು ಮಗುವಿನ ಕೈಗೆಟುಕದಂತೆ ಮೇಲಿಡಿ.

ಇನ್ನು ನೀರು. ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ನೀರು ಆವಿಯಾಗಿ ಅದು ಉಳಿಯುವುದರಿಂದ ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಹೋಗದು. ಊರೂರಿನಲ್ಲಿ ನಿಂತಿರುವ ಶುದ್ಧ ನೀರಿನ ಘಟಕಗಳ ಆರ್‌ಒ ಯಂತ್ರ ಅದನ್ನು ತೆಗೆಯುತ್ತದೆ. ಆದರೆ ಅದರ ಪರದೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಯಂತ್ರ ಹೊರಚೆಲ್ಲುವ ನೀರನ್ನು ಅಡಿಗೆಗೆ ಬಳಸಬೇಡಿ. ಕ್ಯಾನಿನ ನೀರನ್ನು ಕುಡಿಯುವುದಕ್ಕಿಟ್ಟು, ಅನ್ನ ಸಾರಿಗೆ ಕೊಳವೆಬಾವಿಯ ನೀರನ್ನೇ ಹಾಕುವವರಿದ್ದಾರೆ. ಮುದ್ದೆಗೆ ಹಾಕಿದ ನೀರೂ ಹೊಟ್ಟೆಗೇ ಸೇರುತ್ತದೆ. ಮಾಡಿನ ಮೇಲಿನ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನಬಹುದು. ಶುಚಿಯಾಗಿ ಹಿಡಿದು ಶೋಧಿಸಿಟ್ಟರೆ ಅದಕ್ಕಿಂತ ವಾಸಿಯಾದ ನೀರಿಲ್ಲ. ಮಕ್ಕಳಿಗೆ ಚಹಾ ಕೊಡುವುದನ್ನು ಬಿಡಿ, ಏಕೆಂದರೆ ಚಹಾದ ಎಲೆಯಲ್ಲಿ ಫ್ಲೋರೈಡ್ ಉಂಟು. ರಾಗಿಯನ್ನು ಮಾತ್ರ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಸುಣ್ಣದ ಅಂಶ ಸಾಕಷ್ಟಿರುವ ಊಟವು ಮೈಯಲ್ಲಿ ಫ್ಲೋರೈಡಿನ ಹಾವಳಿಯನ್ನು ತಗ್ಗಿಸುತ್ತದೆ. ಕೋಲಾರದ ನೆಲ ನೀರಿನಲ್ಲಿ ಕೊಟ್ಟ ತೊಂದರೆಗೆ ಹೊಲದಲ್ಲಿ ಕೊಂಚ ಪರಿಹಾರವನ್ನೂ ಬೆಳೆದಿದೆ.

ಗೂಡಿನ ಉಳಿದ ಸಾಮಾನಿನ ಬಗ್ಗೆ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಮೈಬಣ್ಣ ಬಿಳುಪು ಮಾಡುತ್ತೇವೆನ್ನುವ, ತಯಾರಿಸಿದವರ ವಿಳಾಸವಿಲ್ಲದ ಕ್ರೀಮುಗಳಲ್ಲಿ ಪಾದರಸವಿರುವುದುಂಟು. ಕೇರಳದ ಕೋಟ್ಟಕ್ಕಲ್‌ನಲ್ಲಿ ೨೦೨೧ರಿಂದ ೨೦೨೩ರವರೆಗೆ ವೈದ್ಯರು ಒಂದು ಬಗೆಯ ಮೂತ್ರಪಿಂಡದ ರೋಗವಿದ್ದ ೧೫ ಮಂದಿಯನ್ನು ವಿಚಾರಿಸಲಾಗಿ, ೧೩ ಮಂದಿ ಇಂಥ ಕ್ರೀಮು ಹಚ್ಚಿದ್ದವರೆಂದು ತಿಳಿದುಬಂತು. ಕೂದಲಿನ ಬಣ್ಣವನ್ನು ಹಚ್ಚುವುದಕ್ಕೆ ಎರಡು ದಿನ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಹುಬ್ಬಿಗೆ, ರೆಪ್ಪೆಗೆ ಹಚ್ಚಲೇಬಾರದು. ವಿಳಾಸವಿಲ್ಲದ, ಅಂಶಗಳ ಪಟ್ಟಿಯಿಲ್ಲದ, ತಾರೀಖಿಲ್ಲದ ಡಬ್ಬಿ ನಿಮ್ಮ ಗೂಡಿಗೆ ಬರಕೂಡದು.

ನಾಳೆ ಬೆಳಗ್ಗೆ ಎರಡು ಕೆಲಸ ಮಾಡಿ. ಪೇಸ್ಟಿನ ಟ್ಯೂಬನ್ನು ಬೆಳಕಿಗೆ ಹಿಡಿದು ಅದರ ಅಂಕಿಯನ್ನು ಓದಿ. ಆಮೇಲೆ, ನಿಮ್ಮ ಮನೆಗೆ ಬರುವ ನೀರಿನ ಅಂಕಿಯನ್ನು ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಕೇಳಿ. ಅವರಲ್ಲಿ ಇಲ್ಲವೆಂದರೆ ಪರೀಕ್ಷೆ ಮಾಡಿಸಬೇಕೆಂದು ಬರೆದುಕೊಡಿ. ಬೇರೆಬೇರೆಯಾಗಿ ನೋಡಿದರೆ ಎರಡೂ ಅಂಕಿ ಚಿಕ್ಕವೇ. ಆದರೆ ನಿಮ್ಮ ಮಗುವಿನ ಮೈಯಲ್ಲಿ ಅವೆರಡೂ ಕೂಡುತ್ತವೆ. ಕೂಡಿಸಿ ನೋಡುವ ಕೆಲಸವನ್ನು ಪೇಸ್ಟು ಮಾಡುವವರು ಮಾಡುವುದಿಲ್ಲ, ನೀರು ಬಿಡುವವರೂ ಮಾಡುವುದಿಲ್ಲ. ಅದನ್ನು ಮನೆಯವರೇ ಮಾಡಬೇಕು.