ಆಟದ ಬಯಲಿನ ಅಂಚಿನಲ್ಲಿ ಕುಳಿತ ವಿದ್ಯಾರ್ಥಿ



ಕಾಲೇಜುಗಳಲ್ಲಿ ವಾರ್ಷಿಕ ಕ್ರೀಡೋತ್ಸವವು ನಡೆಯುವ ದಿವಸ ಬಯಲಿನ ಅಂಚಿನಲ್ಲಿ, ಮರದ ನೆರಳಿನಲ್ಲಿ, ಒಬ್ಬ ತರುಣನು ಕುಳಿತಿರುವುದುಂಟು. ಓಡಲು ಹೋದ ಗೆಳೆಯರ ಕೈಗಡಿಯಾರಗಳೂ ಮೊಬೈಲ್ ಫೋನುಗಳೂ ಅವನ ಮಡಿಲಲ್ಲಿರುತ್ತವೆ. ಅವನ ಒಂದು ಕಾಲು ಸಣ್ಣದು. ಅಥವಾ ಅವನ ಕೈಕಾಲುಗಳು ಹುಟ್ಟಿನಿಂದಲೇ ಮನಸ್ಸಿನ ಅಪ್ಪಣೆಯನ್ನು ತಡವಾಗಿ ಕೇಳುತ್ತವೆ. ಅಥವಾ ಅವನಿಗೆ ಕಣ್ಣು ಕಾಣದು. ವ್ಯಾಯಾಮ ಶಿಕ್ಷಕರು ವರ್ಷಾರಂಭದಲ್ಲಿಯೇ ಅವನಿಗೆ ಆಟದಿಂದ ವಿನಾಯಿತಿಯನ್ನು ಕೊಟ್ಟಿದ್ದಾರೆ. "ನೀನು ಆಯಾಸಪಡಬೇಡಪ್ಪಾ, ಅಂಕಗಳನ್ನು ಬರೆದುಕೊಂಡಿರು, ಸಾಕು" ಎಂದು ಪ್ರೀತಿಯಿಂದಲೇ ಹೇಳಿದ್ದಾರೆ. ಯಾರೂ ಅವನನ್ನು ಹಳಿದಿಲ್ಲ, ನೂಕಿಲ್ಲ. ಆದರೂ ಆ ದಿವಸ ಸಂಜೆ ಅವನು ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡನೆಂದರೆ, ಪ್ರಸಾದದ ಗಂಟೆ ಬಾರಿಸಿದರೂ ಹೊರಕ್ಕೆ ಬರುವುದಿಲ್ಲ. ಹೀಗೇಕೆ ಆಗುತ್ತದೆಂಬುದೇ ಈ ಉಪನ್ಯಾಸದ ವಿಷಯವು.

ಹದಿನೇಳರಿಂದ ಇಪ್ಪತ್ತೊಂದರವರೆಗಿನ ವಯಸ್ಸು ಸ್ನೇಹದ ವಯಸ್ಸು. ಆ ವಯಸ್ಸಿನಲ್ಲಿ ಆಟವೆಂಬುದು ಬರಿಯ ಅಂಗಸಾಧನೆಯಲ್ಲ. ಕಬಡ್ಡಿಯ ಪಾಳಿಯಲ್ಲಿ ಒಬ್ಬನಾದವನಿಗೆ ಮತ್ತೆ ಆರು ಮಂದಿ ಗೆಳೆಯರು ದೊರೆತಂತಾಯಿತು. ಬೆವರು, ಜಗಳ, ರಾಜಿ, ಚಹದ ಅಂಗಡಿ, ಅಡ್ಡಹೆಸರು, ಮರುದಿನ ತರಗತಿಯಲ್ಲಿ ಹಿಂದಿನ ದಿನದ ಆಟವನ್ನು ನೆನೆದು ಮುಸಿಮುಸಿ ನಗುವುದು, ಇವೆಲ್ಲವೂ ಸೇರಿಯೇ ಕಾಲೇಜಿನ ಜೀವನವಾಗುವುದು. ಅಂಚಿನಲ್ಲಿ ಕುಳಿತವನು ಇವುಗಳಲ್ಲಿ ಒಂದಕ್ಕೂ ಪಾಲುದಾರನಲ್ಲ. ವಿನಾಯಿತಿಯ ಚೀಟಿಯು ಅವನ ಕಾಲಿಗೆ ವಿಶ್ರಾಂತಿಯನ್ನು ಕೊಟ್ಟಿತೇನೋ ನಿಜ. ಅದರ ಜೊತೆಗೆ ಅವನ ಸಂಗವನ್ನೂ ಕಿತ್ತುಕೊಂಡಿತು. ಅವನು ಮರುಗುವುದು ಕಾಲಿಗಾಗಿಯೆಂದು ನೋಡುವವರು ಎಣಿಸುತ್ತಾರೆ. ಕಾಲಿನೊಡನೆ ಅವನು ಹುಟ್ಟಿದಂದಿನಿಂದ ಬಾಳಿದ್ದಾನೆ. ಅದು ಅವನಿಗೆ ಹೊಸದಲ್ಲ. ಹೊಸದಾದುದು ಒಂಟಿತನ.

ಇನ್ನೊಂದು ಬಗೆಯ ವಿದ್ಯಾರ್ಥಿಯೂ ಉಂಟು. ಅವನು ನಿನ್ನೆಯವರೆಗೆ ಕಾಲೇಜಿನ ಅಗ್ರಗಣ್ಯ ಓಟಗಾರ. ಮೋಟಾರು ಸೈಕಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು, ಇಲ್ಲವೆ ಆಟದಲ್ಲಿಯೇ ಮಂಡಿಯ ಕಟ್ಟು ಹರಿಯಿತು. ಇವನ ಸಂಕಟವೇ ಬೇರೆ. ಊರಿನವರೂ ಗೆಳೆಯರೂ ಅವನನ್ನು ಯಾವ ಹೆಸರಿನಿಂದ ಗುರುತಿಸುತ್ತಿದ್ದರೋ ಆ ಹೆಸರೇ ಅಳಿಸಿಹೋಗಿದೆ. ತಾನು ಯಾರೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಪೋಲಿಯೋ ರೋಗದಿಂದ ಕಾಲು ಸೊರಗಿದ ಮಕ್ಕಳನ್ನು ಹಿಂದಿನ ತಲೆಮಾರಿನವರು ಪ್ರತಿ ಊರಿನಲ್ಲಿಯೂ ಕಂಡಿದ್ದರು. ೨೦೧೧ನೆಯ ಜನವರಿಯ ಅನಂತರ ಆ ಕಾಡು ವಿಷಾಣುವಿನ ಬಾಧೆಯು ಭಾರತದಲ್ಲಿ ಕಂಡುಬಂದಿಲ್ಲ. ೨೦೧೪ರ ಮಾರ್ಚಿಯಲ್ಲಿ ದೇಶವು ಅದರಿಂದ ಮುಕ್ತವಾಯಿತೆಂಬ ಪ್ರಮಾಣಪತ್ರವೂ ದೊರೆಯಿತು. ಆದರೆ ರಸ್ತೆಯ ಅಪಘಾತಗಳು ಹಾಗೆ ನಿಂತಿಲ್ಲ. ಆದುದರಿಂದ ಈ ಎರಡನೆಯ ಬಗೆಯ ತರುಣರ ಕಡೆಗೂ ಗಮನವಿರಬೇಕಾಗಿದೆ.

ಇಂಥವರಿಗೆ ಆಟವೇಕೆ, ಔಷಧವೂ ವಿಶ್ರಾಂತಿಯೂ ಸಾಲದೇ ಎಂದು ಕೇಳುವವರಿದ್ದಾರೆ. ಲೂಡ್ವಿಗ್ ಗುಟ್ಮನ್ ಎಂಬ ವೈದ್ಯನಿಗೂ ಈ ಪ್ರಶ್ನೆ ಎದುರಾಗಿತ್ತು. ಆತನು ಜರ್ಮನಿಯ ಯಹೂದಿ, ನರರೋಗತಜ್ಞ. ನಾಜಿಗಳ ಹಿಂಸೆಯಿಂದ ತಪ್ಪಿಸಿಕೊಂಡು ೧೯೩೯ರಲ್ಲಿ ಇಂಗ್ಲೆಂಡಿಗೆ ಬಂದವನು. ೧೯೪೪ನೆಯ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಾಸಿಗೊಂಡ ಸೈನಿಕರ ವಿಭಾಗವನ್ನು ಆತನಿಗೆ ಒಪ್ಪಿಸಲಾಯಿತು. ಅದಕ್ಕೆ ಮೊದಲು ಅಂಥ ಗಾಯಾಳುಗಳಲ್ಲಿ ಬಹುಮಂದಿ ಹಾಸಿಗೆಯ ಹುಣ್ಣಿನಿಂದಲೋ ಮೂತ್ರಕೋಶದ ಸೋಂಕಿನಿಂದಲೋ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಗುಟ್ಮನ್ನನು ಎರಡೆರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲನ್ನು ಬದಲಿಸುವ ಕ್ರಮವನ್ನು ತಂದು ಅವರ ಪ್ರಾಣವನ್ನುಳಿಸಿದನು. ಆದರೆ ಉಳಿದ ಪ್ರಾಣಕ್ಕೆ ಬಾಳುವ ಆಸೆಯೂ ಬೇಕಷ್ಟೆ. ಅದಕ್ಕಾಗಿ ಆತನು ಆಟವನ್ನು ಚಿಕಿತ್ಸೆಯ ಒಂದು ಅಂಗವನ್ನಾಗಿ ಮಾಡಿದನು. ೧೯೪೮ನೆಯ ಜುಲೈ ೨೯ರಂದು ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದವು; ಅದೇ ದಿವಸ ಆಸ್ಪತ್ರೆಯ ಹುಲ್ಲುಬಯಲಿನಲ್ಲಿ ೧೬ ಮಂದಿ, ೧೪ ಗಂಡಸರು ಮತ್ತು ಇಬ್ಬರು ಹೆಂಗಸರು, ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಪಂದ್ಯವನ್ನಾಡಿದರು. ಹನ್ನೆರಡು ವರ್ಷಗಳು ಕಳೆದ ಮೇಲೆ, ೧೯೬೦ರಲ್ಲಿ, ರೋಮ್ ನಗರದಲ್ಲಿ ೨೩ ದೇಶಗಳ ೪೦೦ ಮಂದಿ ಕೂಡಿದರು. ಇಂದು ಪ್ಯಾರಾಲಿಂಪಿಕ್ ಎಂದು ಕರೆಯುವ ಕ್ರೀಡಾಕೂಟವು ಹೀಗೆ ಬೆಳೆಯಿತು.

ಆದರೆ ಅದು ಆಸ್ಪತ್ರೆಯ ಕಥೆ. ಕಾಲೇಜಿನ ಕಥೆಯು ಅದೇ ೧೯೪೮ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗೇಲ್ಸ್‌ಬರ್ಗ್ ಶಾಖೆಯಲ್ಲಿ ತೊಡಗಿತು. ಮುಚ್ಚಿಹೋಗಿದ್ದ ಒಂದು ಸೈನಿಕ ಆಸ್ಪತ್ರೆಯ ಕಟ್ಟಡದಲ್ಲಿ ಆ ಶಾಖೆ ನಡೆಯುತ್ತಿತ್ತು. ಅಲ್ಲಿ ತಿಮೋತಿ ನ್ಯೂಜೆಂಟ್ ಎಂಬ ತರುಣ ಅಧ್ಯಾಪಕನು ಯುದ್ಧದಲ್ಲಿ ಕಾಲು ಕಳೆದುಕೊಂಡವರನ್ನೂ ಲಕ್ವ ಹೊಡೆದವರನ್ನೂ ಕೂಡಿಸಿಕೊಂಡು ಓದಿನ ವ್ಯವಸ್ಥೆಯನ್ನು ಮಾಡಿದನು. ಅದರೊಡನೆಯೇ ಗಾಲಿಕುರ್ಚಿಯ ಬಾಸ್ಕೆಟ್‌ಬಾಲ್ ತಂಡವನ್ನೂ ಕಟ್ಟಿದನು. ಮರುವರ್ಷ ಸರ್ಕಾರವು ಆ ಶಾಖೆಯನ್ನು ಮುಚ್ಚಲು ನಿಶ್ಚಯಿಸಿತು. ಆಗ ಆ ವಿದ್ಯಾರ್ಥಿಗಳು ಸುಮ್ಮನೆ ಊರಿಗೆ ಹಿಂದಿರುಗಲಿಲ್ಲ. ರಾಜ್ಯದ ರಾಜಧಾನಿಗೆ ತಾವೇ ಹೋಗಿ ಪ್ರತಿಭಟಿಸಿದರು. ಕೊನೆಗೆ ವಿಶ್ವವಿದ್ಯಾಲಯದ ಮುಖ್ಯ ಆವರಣದಲ್ಲಿ ಅವರಿಗೆ ಸ್ಥಳ ದೊರೆಯಿತು. ಮೆಟ್ಟಿಲುಗಳ ಬದಿಯಲ್ಲಿ ಇಳಿಜಾರುಗಳಾದವು, ಗಾಲಿಕುರ್ಚಿಯೊಡನೆ ಏರಬಹುದಾದ ಬಸ್ಸುಗಳು ಬಂದವು. ಮೊದಲು ಆಟ, ಆಟದಿಂದ ಸಂಘ, ಸಂಘದಿಂದ ಧ್ವನಿ ಎಂಬ ಈ ಕ್ರಮವು ಯೋಚನೆಗೆ ಯೋಗ್ಯವಾದುದು. ಒಂಟಿಯಾಗಿ ಕೊಠಡಿಯಲ್ಲಿ ಕುಳಿತ ಹತ್ತು ಮಂದಿ ಸೇರಿ ಯಾವ ರಾಜಧಾನಿಗೂ ಹೋಗಲಾರರು.

ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ಜೀನ್ ಡ್ರಿಸ್ಕಾಲ್ ಎಂಬಾಕೆ ಓದಿದಳು. ಬೆನ್ನುಹುರಿಯ ದೋಷದಿಂದ ಹುಟ್ಟಿದವಳು. ಹದಿಹರೆಯದಲ್ಲಿ ಸೈಕಲಿನಿಂದ ಬಿದ್ದು ಸೊಂಟದ ಕೀಲು ಕೆಟ್ಟು, ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆಗಳಾಗಿ, ಗಾಲಿಕುರ್ಚಿಗೆ ಬಂದಳು. ಗಾಲಿಕುರ್ಚಿಯ ಆಟವೆಂದರೆ ಮೊದಲಲ್ಲಿ ಅವಳಿಗೆ ಆಸಕ್ತಿಯೇ ಇರಲಿಲ್ಲ. ಸೇರಿದ ಮೊದಲನೆಯ ಕಾಲೇಜಿನಲ್ಲಿ ಓದೂ ಕೈಗೂಡಲಿಲ್ಲ. ಇಲಿನಾಯ್‌ನವರು ಬಾಸ್ಕೆಟ್‌ಬಾಲ್ ಆಟಕ್ಕಾಗಿ ಕರೆದುಕೊಂಡ ಮೇಲೆ ಅವಳು ಪದವಿಯನ್ನು ಪಡೆದು, ಅನಂತರ ಇನ್ನೂ ಮೇಲಿನ ಪದವಿಯನ್ನೂ ಪಡೆದಳು. ಬಾಸ್ಟನ್ ನಗರದ ಮ್ಯಾರಥಾನಿನ ಗಾಲಿಕುರ್ಚಿ ವಿಭಾಗವನ್ನು ೧೯೯೦ರಿಂದ ೧೯೯೬ರವರೆಗೆ ಏಳು ವರ್ಷ ಒಂದೇ ಸಮನೆ, ಮತ್ತೆ ೨೦೦೦ದಲ್ಲಿ, ಒಟ್ಟು ಎಂಟು ಬಾರಿ ಗೆದ್ದಳು. ಓದು ಕೆಟ್ಟೀತೆಂದು ಮಕ್ಕಳನ್ನು ಆಟದಿಂದ ತಡೆಯುವ ತಂದೆತಾಯಿಗಳು ಈ ಕಥೆಯನ್ನು ಇನ್ನೊಮ್ಮೆ ಕೇಳಿಕೊಳ್ಳಲಿ.

ಈಗ ಮುಖ್ಯವಾದ ಮಾತಿಗೆ ಬರಬಹುದು. ಇಂಥ ಆಟಗಳ ನಿಯಮಗಳನ್ನು ರಚಿಸಿದವರು ಅಶಕ್ತನಿಗೆ ಕನಿಕರದಿಂದ ಒಂದು ಮೂಲೆಯನ್ನು ಕೊಟ್ಟು ಸುಮ್ಮನಾಗಲಿಲ್ಲ. ಅವನಿಲ್ಲದೆ ಆಟವೇ ನಡೆಯದಂತೆ ಮಾಡಿದರು. ಗಾಲಿಕುರ್ಚಿಯ ಬಾಸ್ಕೆಟ್‌ಬಾಲಿನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಅವನ ದೇಹದ ಶಕ್ತಿಯನ್ನನುಸರಿಸಿ ೧ರಿಂದ ೪.೫ರವರೆಗೆ ಒಂದು ಅಂಕವುಂಟು. ಬಯಲಿನಲ್ಲಿರುವ ಐವರ ಅಂಕಗಳು ಕೂಡಿ ೧೪ನ್ನು ಮೀರಲಾಗದು. ಆದುದರಿಂದ ಐವರೂ ಬಲಶಾಲಿಗಳಾದ ತಂಡವನ್ನು ಕಟ್ಟಲು ಸಾಧ್ಯವೇ ಇಲ್ಲ; ಕಡಿಮೆ ಅಂಕದ ಆಟಗಾರನನ್ನು ನಾಯಕನು ತಾನೇ ಹುಡುಕಿಕೊಂಡು ಹೋಗಬೇಕು. ಅಂಧರ ಕ್ರಿಕೆಟ್ಟಿನಲ್ಲಿಯೂ ಹಾಗೆಯೇ. ಹನ್ನೊಂದು ಮಂದಿಯಲ್ಲಿ ಕಡೆಯ ಪಕ್ಷ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಒಂದು ರನ್ನು ಎರಡಾಗಿ ಎಣಿಕೆಯಾಗುತ್ತದೆ. ಚೆಂಡಿನೊಳಗೆ ಗುಂಡುಗಳಿದ್ದು ಗಿಲಿಗಿಲಿ ಎನ್ನುವ ಚೆಂಡು ನೆಲದ ಮೇಲೆಯೇ ಬರುತ್ತದೆ. ೨೦೧೨ನೆಯ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲನೆಯ ಇಪ್ಪತ್ತು ಓವರಿನ ವಿಶ್ವಕಪ್ಪನ್ನು ಭಾರತ ತಂಡವು ಗೆದ್ದಿತು. ಅದರ ನಾಯಕ ಶೇಖರ ನಾಯ್ಕರು ಶಿವಮೊಗ್ಗೆಯ ಕಡೆಯವರು. ಗೋಲ್‌ಬಾಲ್ ಎಂಬ ಇನ್ನೊಂದು ಆಟದಲ್ಲಿ ಅಲ್ಪಸ್ವಲ್ಪ ಕಾಣುವವರೂ ಏನೂ ಕಾಣದವರೂ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಗಂಟೆಗಳಿರುವ ಚೆಂಡಿನ ಸದ್ದು ಆಟಗಾರರಿಗೆ ಕೇಳಲೆಂದು ಪ್ರೇಕ್ಷಕರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಕ್ರಿಕೆಟ್ಟಿನ ಕೋಲಾಹಲವನ್ನು ಕಂಡವರಿಗೆ ಆ ನಿಶ್ಶಬ್ದವು ವಿಚಿತ್ರವಾಗಿ ತೋರೀತು.

'ನೀನಿಲ್ಲದಿದ್ದರೂ ನಡೆಯುತ್ತದೆ' ಎಂಬುದು ವಿನಾಯಿತಿಯ ಅರ್ಥ. 'ನೀನು ಬಾರದಿದ್ದರೆ ನಾಲ್ವರೇ ಆಗುತ್ತೇವೆ' ಎಂಬುದು ತಂಡದ ಅರ್ಥ. ಈ ಎರಡು ಮಾತುಗಳನ್ನು ದಿನವೂ ಕೇಳುವ ಇಬ್ಬರು ತರುಣರ ಮನಸ್ಸು ಒಂದೇ ಸಮನಾಗಿರುವುದೆಂದು ಯಾರು ತಾನೆ ನಿರೀಕ್ಷಿಸಿಯಾರು?

ಕನ್ನಡ ನಾಡಿನಲ್ಲಿ ದೃಷ್ಟಾಂತಗಳಿಗೆ ಕೊರತೆಯಿಲ್ಲ. ಶೈಶವದಲ್ಲಿಯೇ ಪೋಲಿಯೋ ಬಡಿದ ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳರು ಗಾಲಿಕುರ್ಚಿಯಲ್ಲಿ ದೇಶವಿದೇಶಗಳ ಕಣಗಳನ್ನು ಕಂಡು, ೨೦೦೧ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದರು. ಹಾಸನ ಜಿಲ್ಲೆಯ ಗಿರೀಶರು ಒಂದು ಕಾಲಿನ ಊನದೊಡನೆ ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಕಿನಲ್ಲಿ ೧.೭೪ ಮೀಟರು ಎತ್ತರವನ್ನು ಹಾರಿ ಬೆಳ್ಳಿಯ ಪದಕವನ್ನು ತಂದರು. ಸುರತ್ಕಲ್ಲಿನಲ್ಲಿ ಇಂಜನಿಯರಿಂಗ್ ಓದಿದ ಸುಹಾಸ್ ಯತಿರಾಜರು ಪಾದದ ಊನವುಳ್ಳವರು. ೨೦೦೭ರ ತಂಡದ ಆಡಳಿತ ಸೇವೆಯ ಅಧಿಕಾರಿಗಳಾಗಿ, ೨೦೨೧ರಲ್ಲಿ ನಡೆದ ಟೋಕಿಯೋ ಕೂಟದಲ್ಲಿಯೂ ೨೦೨೪ರ ಪ್ಯಾರಿಸ್ ಕೂಟದಲ್ಲಿಯೂ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿಯನ್ನು ಗೆದ್ದರು.

ಆದರೆ ಇಲ್ಲೊಂದು ಎಚ್ಚರವೂ ಬೇಕು. ಈ ಹೆಸರುಗಳನ್ನು ಬಾರುಕೋಲನ್ನಾಗಿ ಬೀಸುವವರಿದ್ದಾರೆ. "ಅವರು ಪದಕ ತಂದರು, ನೀನೇಕೆ ಹೀಗೆ ಮೂಲೆ ಹಿಡಿದಿರುವೆ" ಎಂದು ಗದರಿಸಿದರೆ ಹುಡುಗನು ಮತ್ತಷ್ಟು ಕುಗ್ಗುತ್ತಾನೆ. ಎರಡು ಕಾಲೂ ನೆಟ್ಟಗಿರುವ ಸಾವಿರ ವಿದ್ಯಾರ್ಥಿಗಳಲ್ಲಿ ಒಬ್ಬನೂ ಒಲಿಂಪಿಕ್ಕಿಗೆ ಹೋಗುವುದಿಲ್ಲ. ಅವರಾರನ್ನೂ ಅದಕ್ಕಾಗಿ ಗದರಿಸುವುದಿಲ್ಲ. ಕೆಟ್ಟದಾಗಿ ಆಡುವ ಅಧಿಕಾರವೂ, ಸೋಲುವ ಅಧಿಕಾರವೂ, ಸೋತು ನಗುವ ಅಧಿಕಾರವೂ ಇವನಿಗೂ ಇರಬೇಡವೇ? ಇನ್ನು 'ಪೂರ್ವಜನ್ಮದ ಫಲ' ಎಂಬ ಮಾತನ್ನಂತೂ ಮನೆಯ ಹಿರಿಯರು ಬಾಯಿಗೆ ತರದಿರುವುದೇ ಲೇಸು. ಆಡಿದವರು ಮರೆಯುತ್ತಾರೆ, ಕೇಳಿದವನು ಮರೆಯುವುದಿಲ್ಲ.

ಸಹಾಯಕನ ಸ್ಥಾನವು ಎಲ್ಲಿ ಎಂಬುದನ್ನು ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರ ಓಟವನ್ನು ಕಂಡವರು ಬಲ್ಲರು. ಕಣ್ಣು ಕಾಣದ ಆಕೆಯು ೨೦೧೮ರ ಏಷ್ಯದ ಕೂಟದಲ್ಲಿ ೧೫೦೦ ಮೀಟರಿನ ಓಟವನ್ನು ಗೆದ್ದರು. ಓಡುವಾಗ ಮಾರ್ಗದರ್ಶಿಯ ಕೈಗೂ ಓಟಗಾರ್ತಿಯ ಕೈಗೂ ನಡುವೆ ಒಂದು ಗೇಣುದ್ದದ ಹುರಿಯಿರುತ್ತದೆ. ಮಾರ್ಗದರ್ಶಿಯು ಅದನ್ನು ಹಿಡಿದು ಎಳೆಯುವಂತಿಲ್ಲ; ಗುರಿಯ ಗೆರೆಯನ್ನು ಆತನು ಮೊದಲು ದಾಟಿದರೆ ಓಟವೇ ಅಸಿಂಧುವಾಗುತ್ತದೆ. ಪಕ್ಕದಲ್ಲಿ, ಹೆಜ್ಜೆಗೆ ಹೆಜ್ಜೆಯಾಗಿ, ಕೊನೆಯಲ್ಲಿ ಒಂದು ಹೆಜ್ಜೆ ಹಿಂದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವು ಸ್ವತಃ ಅಂಧರಾಗಿದ್ದು, ಅಂಧ ಮಕ್ಕಳಿಗೆ ಸಂಗೀತದ ಬಾಗಿಲನ್ನು ತೆರೆದುದು ಈ ಸಭೆಯವರೆಲ್ಲರಿಗೂ ತಿಳಿದುದೇ. ಸುತ್ತೂರು ಮಠದ ವಿದ್ಯಾಪೀಠವು ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಒಂದು ಪಾಲಿಟೆಕ್ನಿಕ್ಕನ್ನು ನಡೆಸುತ್ತಿದೆ. ವಿದ್ಯೆಯ ಬಾಗಿಲೂ ಕಲೆಯ ಬಾಗಿಲೂ ಹೀಗೆ ತೆರೆದಿವೆ. ಬಯಲಿಗೆ ಬಾಗಿಲೇ ಇಲ್ಲ, ಆದರೂ ಅದು ಮುಚ್ಚಿಯೇ ಇದೆ. ಮಠಗಳ ಪ್ರಸಾದನಿಲಯಗಳಲ್ಲಿ ಅದನ್ನು ತೆರೆಯುವುದಕ್ಕೆ ಹೆಚ್ಚಿನ ದ್ರವ್ಯವೇನೂ ಬೇಡ. ಕುಳಿತು ಆಡುವ ವಾಲಿಬಾಲಿಗೆ ಹತ್ತು ಮೀಟರು ಉದ್ದ ಆರು ಮೀಟರು ಅಗಲದ ಸಮನೆಲವೂ ಎದೆಯೆತ್ತರಕ್ಕಿಂತ ತಗ್ಗಾದ ಒಂದು ಬಲೆಯೂ ಸಾಕು. ಕಾಲುಳ್ಳವರೂ ಕಾಲಿಲ್ಲದವರೂ ನೆಲದ ಮೇಲೆ ಕುಳಿತೊಡನೆ ಒಂದೇ ಎತ್ತರದವರಾಗುತ್ತಾರೆ, ಮತ್ತು ಕಾಲುಳ್ಳವರೇ ಮೊದಮೊದಲು ಸೋಲುತ್ತಾರೆ. ಊನವಿದ್ದವನೆಂದೊಡನೆ ಕೇರಂ ಹಲಗೆಯನ್ನೋ ಚದುರಂಗದ ಮಣೆಯನ್ನೋ ಮುಂದಿಡುವ ಪದ್ಧತಿಯೊಂದಿದೆ. ಅವು ಒಳ್ಳೆಯ ಆಟಗಳೇ. ಆದರೆ ಅವನನ್ನು ಕೇಳಿ ಇಡಬೇಕು. ಯಾವ ಆಟ ಬೇಕೆಂದು ಅವನನ್ನು ಇದುವರೆಗೆ ಯಾರೂ ಕೇಳಿರುವುದಿಲ್ಲ. ಬಯಲಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲಿದೆಯೇ, ಶೌಚಗೃಹದ ಬಾಗಿಲಿನಲ್ಲಿ ಗಾಲಿಕುರ್ಚಿ ತೂರುವುದೇ ಎಂಬುದನ್ನೂ ನೋಡಬೇಕು. ಎಷ್ಟೋ ಮಂದಿ ಆಟಕ್ಕೆ ಬಾರದಿರುವುದು ಈ ಒಂದು ಸಂಕೋಚದಿಂದಲೇ. ಇದು ದಾನದ ಮಾತೂ ಅಲ್ಲ. ೨೦೧೬ನೆಯ ವಿಕಲಚೇತನರ ಹಕ್ಕುಗಳ ಕಾನೂನು ಸರ್ಕಾರದ ಮತ್ತು ಸರ್ಕಾರದ ನೆರವು ಪಡೆವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಇವರಿಗಾಗಿ ಕಾದಿರಿಸಿದೆ. ಕ್ರೀಡೆಯಲ್ಲಿ ಇವರ ಭಾಗವಹಿಸುವಿಕೆಗಾಗಿ ಅದರಲ್ಲಿ ಪ್ರತ್ಯೇಕವಾದ ಒಂದು ಪ್ರಕರಣವೇ ಇದೆ.

ಕೊನೆಯದಾಗಿ, ಆಟವು ಎಲ್ಲ ಮನೋವ್ಯಾಧಿಗೂ ಮದ್ದೆಂದು ತಿಳಿಯಬಾರದು. ದುಃಖವು ಬಂದು ಹೋಗುವಂಥದು, ಖಿನ್ನತೆಯು ರೋಗ. ಎರಡು ವಾರಗಳಿಗೂ ಮೀರಿ ವಿದ್ಯಾರ್ಥಿಯು ಮಂಕಾಗಿಯೇ ಇದ್ದರೆ, ನಿದ್ರಾಹಾರಗಳು ಕೆಟ್ಟರೆ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವಾದರೆ, ತಾನಿದ್ದು ಪ್ರಯೋಜನವೇನೆಂಬ ಮಾತು ಅವನ ಬಾಯಿಯಲ್ಲಿ ಬಂದರೆ, ಅದನ್ನು ಸೋಮಾರಿತನವೆಂದಾಗಲಿ ಅಹಂಕಾರವೆಂದಾಗಲಿ ಭಾವಿಸದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಸಾಯುವ ಮಾತನ್ನಾಡಿದವನನ್ನು ಒಂಟಿಯಾಗಿ ಬಿಡಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದರೆ ಅದು ಬಲಗೊಳ್ಳುವುದೆಂಬ ಭಯಕ್ಕೆ ಆಧಾರವಿಲ್ಲ. ೨೦೨೨ನೆಯ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ವ್ಯವಸ್ಥೆಯಿದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಕೇಂದ್ರಸ್ಥಾನದಲ್ಲಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವವರು ದೊರೆಯುತ್ತಾರೆ, ಹಣವನ್ನು ಕೊಡಬೇಕಾಗಿಲ್ಲ. ಪ್ರಸಾದನಿಲಯದ ಮೇಲ್ವಿಚಾರಕರು ಈ ಸಂಖ್ಯೆಯನ್ನು ಊಟದ ಸಾಲಿನ ಗೋಡೆಯ ಮೇಲೆ, ಗಾಲಿಕುರ್ಚಿಯಲ್ಲಿ ಕುಳಿತವನ ಕಣ್ಣಿಗೂ ನಿಲುಕುವ ಎತ್ತರದಲ್ಲಿ ಬರೆಸಲಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಬಾಯಿಯಿಂದಲೇ ಹೇಳಿ ನೆನಪಿನಲ್ಲಿಡಿಸಲಿ.