ರಸ್ತೆಯ ಅಳತೆ, ಗುಂಡಿಯ ಅಳತೆ

(ಹಲವಾಗಲಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ನಿಂತು ಗುಡ್ಡದ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಊರಿಗೆ ಬರುವ ಡಾಂಬರು ರಸ್ತೆಯ ಅಡಿಯಲ್ಲಿರುವುದು ಯಾವುದೋ ಗುಡ್ಡದ ಗರಸು, ಯಾವುದೋ ಬಂಡೆಯ ಜಲ್ಲಿ. ರಸ್ತೆ ಬೇಡವೆಂದು ಹೇಳಲು ನಾನು ಬಂದಿಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲಿ ಹರಪನಹಳ್ಳಿಗೆ ಒಯ್ದ ಕಾಲವನ್ನು ಕಂಡ ಹಿರಿಯರ ಮುಂದೆ ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ನನ್ನ ಪ್ರಶ್ನೆ ಬೇರೆ. ಗುತ್ತಿಗೆದಾರನಿಗೆ ಸರ್ಕಾರ ಯಾವುದನ್ನು ಅಳೆದು ಹಣ ಕೊಡುತ್ತದೆ? ಯಾವುದನ್ನು ಅಳೆಯುವುದಿಲ್ಲ?

ಕ್ರಮ ಹೀಗಿದೆ. ಕಾಮಗಾರಿಗೆ ಮೊದಲು ಇಲಾಖೆಯ ಎಂಜಿನಿಯರು ಅಂದಾಜು ಪಟ್ಟಿ ತಯಾರಿಸುತ್ತಾರೆ. ಒಂದು ಘನ ಮೀಟರ್ ಮಣ್ಣು ತುಂಬಲು ಎಷ್ಟು, ಜಲ್ಲಿ ಹಾಸಿ ರೋಲರ್ ಹೊಡೆಯಲು ಎಷ್ಟು ಎಂಬುದಕ್ಕೆ ಇಲಾಖೆಯ ದರಪಟ್ಟಿಯೇ ಆಧಾರ, ಅದನ್ನು ಎಸ್.ಆರ್. ಎನ್ನುತ್ತಾರೆ. ಬಳಿಕ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಅದು ಬಹಿರಂಗವಾಗಿ ನಡೆಯಬೇಕು. ಕೆಲಸ ನಡೆದಂತೆಲ್ಲ ಎಂಜಿನಿಯರು ಅಳತೆ ಮಾಡಿ, ಪುಟಪುಟಕ್ಕೂ ಸಂಖ್ಯೆಯಿರುವ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಮೇಲಧಿಕಾರಿ ಮರು ಅಳತೆ ಮಾಡಿ ರುಜು ಹಾಕುತ್ತಾರೆ. ಅಳತೆಯನ್ನು ದರದಿಂದ ಗುಣಿಸಿದರೆ ಬಿಲ್ಲು. ಅದರಿಂದ ಆದಾಯ ತೆರಿಗೆ, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಶೇಕಡಾ 1ರ ಸುಂಕ, ಭದ್ರತಾ ಠೇವಣಿ, ಮತ್ತು ರಾಜಧನ ಕಡಿತವಾಗುತ್ತವೆ. ಉಳಿದದ್ದು ಗುತ್ತಿಗೆದಾರನಿಗೆ.

ಈ ಕ್ರಮದಲ್ಲಿ ಎರಡು ಸ್ಥಳಗಳಲ್ಲಿ ಮಾತ್ರ ಗುಡ್ಡ ಇಣುಕುತ್ತದೆ. ಒಂದು ‘ಲೀಡ್’, ಇನ್ನೊಂದು ರಾಜಧನ.

ಲೀಡ್ ಎಂದರೆ ಸಾಗಣೆಯ ದೂರ. ಗರಸು ಇಂಥ ಸ್ಥಳದಿಂದ, ಜಲ್ಲಿ ಇಂಥ ಕ್ವಾರಿಯಿಂದ, ಕಾಮಗಾರಿಗೆ ಇಷ್ಟು ಕಿಲೋಮೀಟರ್ ಎಂದು ಅಂದಾಜು ಪಟ್ಟಿಗೆ ಒಂದು ತಖ್ತೆ ಜೋಡಿಸಿರುತ್ತಾರೆ. ಆ ದೂರದ ಸಾಗಣೆ ವೆಚ್ಚ ದರದೊಳಗೇ ಸೇರಿರುತ್ತದೆ. ಪಟ್ಟಿಯಲ್ಲಿ 30 ಕಿಲೋಮೀಟರ್ ದೂರದ ಕ್ವಾರಿ ಇದೆ, ಗರಸು ಬಂದದ್ದು 3 ಕಿಲೋಮೀಟರ್ ದೂರದ ಗೋಮಾಳದ ಗುಡ್ಡದಿಂದ ಎಂದುಕೊಳ್ಳಿ. ಒಪ್ಪಿದ ದರ ಸಾಮಾನ್ಯವಾಗಿ ಬದಲಾಗುವುದಿಲ್ಲ. 27 ಕಿಲೋಮೀಟರಿನ ಡೀಸೆಲ್ ಹಣ ಅಲ್ಲೇ ಉಳಿಯಿತು. ಹತ್ತಿರದ ಗುಡ್ಡವನ್ನು ಕಡಿದಷ್ಟೂ ಲಾಭ ಹೆಚ್ಚು ಎಂಬ ಲೆಕ್ಕವನ್ನು ಯಾರೂ ದುರುದ್ದೇಶದಿಂದ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಹಣ ಪಾವತಿಯ ವಿಧಾನದಲ್ಲೇ ಅದು ಅಡಗಿದೆ.

ಪ್ರಮಾಣವನ್ನೂ ತಿಳಿಯೋಣ. ಹಳ್ಳಿ ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ 15 ಸೆಂಟಿಮೀಟರ್ ದಪ್ಪದ ಒಂದೇ ಒಂದು ತಳಪದರ ಹಾಕಿದರೆ 562.5 ಘನ ಮೀಟರ್. ಇದು ರೋಲರ್ ಹೊಡೆದ ನಂತರದ ಅಳತೆ. ಸಡಿಲವಾಗಿ ತರುವಾಗ ಕಾಲುಭಾಗಕ್ಕೂ ಹೆಚ್ಚು ಬೇಕು. 10 ಘನ ಮೀಟರಿನ ಟಿಪ್ಪರ್ ಆದರೆ 70ಕ್ಕೂ ಮೇಲ್ಪಟ್ಟ ಲೋಡು. ಮೇಲಿನ ಪದರಗಳು, ಇಕ್ಕೆಲದ ಮಣ್ಣು, ತಗ್ಗಿನಲ್ಲಿ ಎತ್ತರಿಸುವ ಏರಿ, ಇವೆಲ್ಲ ಬೇರೆ.

ಹಿಂದೆ ಬರಗಾಲದ ಕಾಮಗಾರಿಗಳಲ್ಲಿ ದುಡಿದವರು ಇಲ್ಲಿದ್ದರೆ ಅವರಿಗೆ ಒಂದು ಸಂಗತಿ ನೆನಪಿರಬಹುದು. ಆಗ ಅಳೆಯುತ್ತಿದ್ದುದು ಅಗೆದ ಗುಂಡಿಯನ್ನು. ಆಳ ಎಷ್ಟೆಂದು ತಿಳಿಯಲು ಗುಂಡಿಯ ನಡುವೆ ಅಗೆಯದ ಮಣ್ಣಿನ ಒಂದು ದಿಬ್ಬವನ್ನು ಹಾಗೆಯೇ ಬಿಡುತ್ತಿದ್ದರು. ಕೂಲಿಯವನಿಗೆ ಗುಂಡಿಯ ಲೆಕ್ಕದಲ್ಲಿ ಕೂಲಿ. ಇಂದು ಗುತ್ತಿಗೆಯ ರಸ್ತೆಯಲ್ಲಿ ಅಳೆಯುವುದು ತುಂಬಿ ಗಟ್ಟಿಮಾಡಿದ ಏರಿಯನ್ನು. ಗುಂಡಿಯ ಬಳಿಗೆ ಟೇಪು ಹಿಡಿದು ಹೋಗುವ ಅಗತ್ಯ ಬಿಲ್ಲಿಗೆ ಇಲ್ಲ.

ಇನ್ನು ರಾಜಧನ. ಬಳಸಿದ ಗರಸು, ಜಲ್ಲಿ, ಮರಳಿನ ಪ್ರಮಾಣಕ್ಕೆ ತಕ್ಕಂತೆ ಇಲಾಖೆಯು ಬಿಲ್ಲಿನಲ್ಲೇ ರಾಜಧನ ಮುರಿದುಕೊಂಡು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಲೆಕ್ಕಕ್ಕೆ ಜಮಾ ಮಾಡುತ್ತದೆ. ಪರವಾನಗಿ ಪಡೆದ ಕ್ವಾರಿಯಲ್ಲಿ ಮೊದಲೇ ರಾಜಧನ ಕಟ್ಟಿದ ಸಾಗಣೆ ಪರ್ಮಿಟ್ ತೋರಿಸಿದರೆ ಮತ್ತೆ ತೆರಬೇಕಾಗಿಲ್ಲ. ಇದರಿಂದ ಒಂದು ತಪ್ಪು ನಂಬಿಕೆ ಬೆಳೆದಿದೆ: “ರಾಜಧನ ಕಟ್ಟಿದ್ದೇವಲ್ಲ, ಇನ್ನೇನು?” 1957ರ ಗಣಿ ಮತ್ತು ಖನಿಜ ಕಾಯ್ದೆ ಹಾಗೆ ಹೇಳುವುದಿಲ್ಲ. ಅನುಮತಿಯಿಲ್ಲದೆ ಅಗೆದ ಖನಿಜಕ್ಕೆ ರಾಜಧನ ಕಡಿತವಾದ ಮಾತ್ರಕ್ಕೆ ಅಗೆತ ಸಕ್ರಮವಾಗದು. ಆದರೆ ಬೊಕ್ಕಸಕ್ಕೆ ಹಣ ಬಂದ ಮೇಲೆ ಎಲ್ಲಿಂದ ಬಂತೆಂದು ಕೇಳುವ ಆಸಕ್ತಿ ಯಾರಿಗಿರುತ್ತದೆ?

ನ್ಯಾಯಾಲಯಗಳು ಕೇಳಿವೆ. 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಆದೇಶಿಸಿತು. ರಸ್ತೆ, ಕೊಳವೆಮಾರ್ಗಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಈ ಅನುಮತಿ ಬೇಡವೆಂದು ಕೇಂದ್ರ ಸರ್ಕಾರ 2020ರ ಮಾರ್ಚ್ 28ರಂದು, ಲಾಕ್‌ಡೌನಿನ ದಿನಗಳಲ್ಲಿ, ವಿನಾಯಿತಿ ನೀಡಿತು. ಎಷ್ಟು ಮಣ್ಣು, ಎಷ್ಟು ಪ್ರದೇಶ ಎಂಬ ಯಾವ ಮಿತಿಯೂ ಇಲ್ಲದ ಆ ವಿನಾಯಿತಿಯನ್ನು 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ನಾಲ್ಕು ವರ್ಷಗಳಲ್ಲಿ ಹೋದ ಮಣ್ಣು ಮಾತ್ರ ಹೋಯಿತು.

ಗುತ್ತಿಗೆದಾರರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಕೆಲಸ ಮುಗಿಸಿಯೂ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆಯುವ ಸಣ್ಣ ಗುತ್ತಿಗೆದಾರರು ನಮ್ಮ ನಡುವೆಯೇ ಇದ್ದಾರೆ. ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ. ಶೇಕಡಾ 40ರವರೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ರಾಜ್ಯ ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಆರೋಪಿಸಿತು. 2023ರಲ್ಲಿ ಅದರ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ರಚನೆಯಾಯಿತು. ಆರೋಪದ ಸತ್ಯಾಸತ್ಯ ಏನೇ ಇರಲಿ, ಹಣ ಎಲ್ಲಿಯೇ ಸೋರಿದರೂ ಅದನ್ನು ತುಂಬಿಕೊಳ್ಳುವುದು ಸಾಮಗ್ರಿಯಲ್ಲಿ. ಸಿಮೆಂಟಿಗೆ, ಡಾಂಬರಿಗೆ ಅಂಗಡಿಯಲ್ಲಿ ಹಣ ತೆರಲೇಬೇಕು. ಬಿಲ್ಲು ಕೇಳದೆ ಸಾಮಗ್ರಿ ಕೊಡುವುದು ಗುಡ್ಡವೊಂದೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಲೀಡ್ ತಖ್ತೆ ಸಹಿತ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ರಾಜಧನ ಕಡಿತ ತೋರಿಸುವ ಬಿಲ್ಲು, ಸಾಗಣೆ ಪರ್ಮಿಟ್‌ಗಳು, ಈ ನಾಲ್ಕರ ಪ್ರತಿ ಕೇಳಿ. ಒಂದೇ ಕಾಮಗಾರಿಯ ಬಗ್ಗೆ, 150 ಪದಗಳೊಳಗೆ ಬರೆಯಿರಿ. ನಮ್ಮ ರಾಜ್ಯದ ನಿಯಮ ಹಾಗಿದೆ. 30 ದಿನಗಳೊಳಗೆ ಉತ್ತರ ಬರಬೇಕು. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ್ದರಿಂದ ಹಳೆಯ ಕಡತ ಆ ಕಚೇರಿಯಲ್ಲಿದೆ ಎಂಬ ಉತ್ತರ ಬಂದೀತು. ಹಿಂಜರಿಯಬೇಡಿ; ಬೇರೆ ಕಚೇರಿಗೆ ಸೇರಿದ ಅರ್ಜಿಯನ್ನು 5 ದಿನಗಳೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು.

ಉತ್ತರ ಬರುವವರೆಗೆ ಸುಮ್ಮನಿರಬೇಡಿ. ಟೇಪು ಹಿಡಿದು ಗುಡ್ಡದ ಬುಡಕ್ಕೆ ಹೋಗಿ. ಗುಂಡಿಯ ಉದ್ದ, ಅಗಲ, ನಾಲ್ಕಾರು ಕಡೆಯ ಆಳ ಅಳೆದು ತಾರೀಖು ಸಹಿತ ಬರೆದಿಡಿ, ಊರಿನ ಇಬ್ಬರ ರುಜು ಹಾಕಿಸಿ. ಮಳೆಗಾಲಕ್ಕೆ ಮೊದಲೇ ಹೋಗಿ. ನೀರು ನಿಂತ ಮೇಲೆ ಆಳ ಸಿಗುವುದಿಲ್ಲ.